ಮನೆಗೆ ಬಂದ ಮನಾಲಿ

ಮದುವೆಯಾದ ಹೊಸದರಲ್ಲಿ ಹೆಂಡತಿ ಕೇಳಿದ್ದಕ್ಕೆಲ್ಲ ಹೂಂ ಅನ್ನಬಾರದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿದ್ದ ಸಿದ್ದೇಶ, ಮನಾಲಿ ತೋರಿಸುತ್ತೇನೆಂದು ಸುರೇಖಾಳಿಗೆ ಹೂಂ ಅಂದಿದ್ದ. ಮೊದಲ ವರ್ಷ ಹಂಗಾಮು ಅಡ್ಡ ಬಂತು, ಮರುವರ್ಷ ಬಸಿರು. ಈಗ ರಾಣೆಬೆನ್ನೂರಿನ ತವರಲ್ಲಿ ಎಳೆಗೂಸನ್ನು ತೊಡೆಯ ಮೇಲಿಟ್ಟುಕೊಂಡು, "ಮನಾಲಿ ತೋರಸೂತನಕ ನಾ ಬ್ಯಾಡಗಿಗೆ ಬರೂದಿಲ್ಲ" ಎಂದು ಕೂತುಬಿಟ್ಟಿದ್ದಳು.

"ಅದಕ್ಯಾಕ ಅಷ್ಟ್ ದೂರ ಹೋಗಬೇಕ? ಮಗಳಿಗೆ ಮನಾಲಿ ಅಂತನ ಹೆಸರಿಡೂಣು. ಊರೇ ಮನಿಗೆ ಬಂದಂಗಾತು!" ಎಂದ ಸಿದ್ದೇಶ.

ಸುರೇಖಾ ಕರಗಿಯೇ ಹೋದಳು. "ಎಷ್ಟ್ ಚಂದ ಐತ್ರಿ ಹೆಸರು! ಆದ್ರ ತೊಟ್ಟಲದಾಗ ಇದ ಹೆಸರು ಬೀಳಬೇಕ್ ನೋಡ್ರಿ. ಬ್ಯಾರೆ ಬಿತ್ತಂದ್ರ ನಾ ಇಲ್ಲೇ."

ಹೆಸರಿಡಲು ತೊಟ್ಟಿಲು ಕಟ್ಟುವ ದಿನ ಬೆಳಗಾಗುವಷ್ಟರಲ್ಲಿ ಈ ಗುಟ್ಟು ಓಣಿಗೆಲ್ಲ ಹಬ್ಬಿತ್ತು. ಪಕ್ಕದ ಮನೆಯ ಹೊನ್ನವ್ವ ಹಾಲು ಒಲೆಯ ಮೇಲೆಯೇ ಬಿಟ್ಟು ಬಂದಳು. "ಭಾಳ ಚಲೋ ಆತು ಬಿಡ್ರಿ. ಕಾಶವ್ವ, ಶ್ರೀಶೈಲ, ಉಳವಪ್ಪ, ಇವೆಲ್ಲಾ ಊರಿನ ಹೆಸರ ಅಲ್ಲೇನು? ಹಿಂದಿನವರು ಹೋಗಿ ಬಂದ ಊರಿನ ಹೆಸರಿಟ್ರು, ನೀವು ಹೋಗಲಾರದ ಊರಿನ ಹೆಸರಿಡಾಕತ್ತೀರಿ!"

ಸಿದ್ದೇಶ ಹಲ್ಲು ಕಿರಿದ. ಖರೇ ಹೇಳಬೇಕೆಂದರೆ ಹೆಸರೇನೋ ಸೊಗಸಾಗಿಯೇ ಇತ್ತು. ಬಂದ ಹೆಂಗಸರೆಲ್ಲ "ಮನಾಲೀ, ಬಾರವ್ವಾ" ಎಂದು ಕರೆದು ಕರೆದು ನೋಡಿದರು. ರಾಣೆಬೆನ್ನೂರಿನ ಬಿಸಿಲಲ್ಲೂ ಆ ಹಿಮದೂರಿನ ಹೆಸರು ಕರೆದವರ ಬಾಯಿ ತಣ್ಣಗಾಗುತ್ತಿತ್ತು.

ಆದರೆ ಹೆಸರು ಕೂಗುವ ಹಕ್ಕು ಸೋದರತ್ತೆಯದು. ಸಿದ್ದೇಶನ ಅಕ್ಕ ರೋಹಿಣಿ ಹಾವೇರಿಯಿಂದ ತಡವಾಗಿ ಬಂದಳು, ಜೊತೆಗೆ ಅವಳ ಅತ್ತೆ ಗುತ್ತೆವ್ವ. ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಕೂಗಲು ರೋಹಿಣಿ ತೊಟ್ಟಿಲಿಗೆ ಬಾಗಿದಳು. ಕೂಗಿದವಳ ಬೆನ್ನಿಗೆ ಗುದ್ದುವುದು ಪದ್ಧತಿ, ಹೆಂಗಸರು ಮುಷ್ಟಿ ಎತ್ತಿದರು. ಅಷ್ಟರಲ್ಲಿ ಅವಳು ನೆಟ್ಟಗೆ ನಿಂತಳು.

"ತಮ್ಮಾ, ನನಗೇನ್ ಕೊಡ್ತಿ?"

"ಇಳಕಲ್ ಸೀರಿ ತಂದೇನಲ್ಲಬೇ ಅಕ್ಕಾ."

"ಸೀರಿ ಇರಲಿ. ಮನಾಲಿ ಅಂತ ಕೂಗಾಕಿ ಒಮ್ಮೆರ ಮನಾಲಿ ನೋಡಬ್ಯಾಡೇನು? ಕರಕೊಂಡ್ ಹೋಗ್ತಿಯೋ, ಇಲ್ಲಾ ನಮ್ಮ ಅತ್ತಿಯವರ ಹೆಸರು ಕೂಗಲ್ಯೋ?"

"ನನ್ನ ಹೆಸರಿಗೆ ಏನಾಗೇತಿ? ಕೂಗ್ ಕೂಗು!" ಎಂದು ಗುತ್ತೆವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

ಆಚೆ ಸುರೇಖಾ, ಬ್ಯಾಡಗಿಗೆಂದು ಕಟ್ಟಿಟ್ಟ ಚೀಲದಿಂದ ಸೀರೆಗಳನ್ನು ಒಂದೊಂದೇ ಹೊರಗೆ ತೆಗೆಯತೊಡಗಿದ್ದಳು. ಸಿದ್ದೇಶ ಅದನ್ನು ಕಂಡ.

"ಹೂಂ ಅಕ್ಕಾ, ಕರಕೊಂಡ್ ಹೋಗ್ತೇನಿ! ಲಗೂನ ಕೂಗು!"

"ನಾ ಒಬ್ಬಾಕೀನ ಹೆಂಗ್ ಬರಲೋ? ನಿಮ್ಮ ಮಾಮಾ, ಹುಡುಗ್ರು, ನಮ್ಮ ಅತ್ತಿಯವರು..."

"ಎಲ್ಲಾರೂ ಬರ್ರಿ!"

"ಕುರ್ರ್‌ರ್... ಮನಾಲಿ!"

ರೋಹಿಣಿಯ ಬೆನ್ನಿಗೆ ಧಬಧಬ ಗುದ್ದುಗಳು ಬಿದ್ದವು. ಎಲ್ಲರೂ ನಕ್ಕರು, ಕೂಸು ಅತ್ತಿತು. ಸುರೇಖಾ ಸೀರೆಗಳನ್ನು ಮತ್ತೆ ಚೀಲಕ್ಕೆ ತುಂಬಿದಳು. ಸಿದ್ದೇಶ ಉಸಿರು ಬಿಡುವುದರೊಳಗೆ ಅವಳು ಹತ್ತಿರ ಬಂದು ಮೆಲ್ಲಗೆ ಅಂದಳು: "ರೀ, ಅವರೆಲ್ಲಾ ಹೋದ್ರ ನಾವ್ ಮನ್ಯಾಗ ಕುಂದ್ರಾಕ ಆಕ್ಕೈತೇನು? ಕೂಸಿಗೂ ತನ್ನ ಊರು ತೋರಸಬೇಕಲ್ಲ. ನಮ್ಮವ್ವನೂ ಬರ್ತಾಳಂತ."

ಇಬ್ಬರು ಹೋಗಬೇಕಿದ್ದ ಊರಿಗೆ ಈಗ ಒಂದು ದಿಬ್ಬಣವೇ ಹೊರಟಿತ್ತು. ಸಿದ್ದೇಶ ಗೋಡೆಗೊರಗಿ ಕುಕ್ಕರಿಸಿದ. ಮಾವ ಪರಮೇಶಪ್ಪ ಅವನ ಕೈಗೊಂದು ಪೇಢೆ ಇಟ್ಟು, ಪಕ್ಕದಲ್ಲೇ ಕೂತು ಸಮಾಧಾನ ಹೇಳಿದರು:

"ಹೋಗ್ಲಿ ಬಿಡ್ರಿ ಅಳಿಯಂದ್ರ. ಎರಡನೇ ಕೂಸಿಗೆ ದೇವರಗುಡ್ಡ ಅಂತ ಇಡ್ರಿ. ಇಲ್ಲೇ ಬಾಜೂಕ ಐತಿ, ಟಂಟಂ ಆಟೋದಾಗ ಹೋಗಿ ಬರಬಹುದು."