ಹೊನ್ನಪ್ಪನವರ ಕೋವಿ ದೋಣಿಯಲ್ಲಿ ರಾಜ್ಯ ದಾಟುವ ಬಗ್ಗೆ

ಕನ್ನಡ ನೌಕಾವಿಹಾರ ಬಳಗ
(ಪರ್ತ್, ಅಡಿಲೇಡ್, ಬ್ರಿಸ್ಬೇನ್)
ಕಾರ್ಯದರ್ಶಿಯವರ ಕಚೇರಿ, ಬಾಲಕೃಷ್ಣ ಅವರ ಗ್ಯಾರೇಜು, ಕ್ಯಾನಿಂಗ್ಟನ್

ಸಂಖ್ಯೆ: ಕನೌಬ/ಕೋವಿ/ಹೊ/07/2025-26
ದಿನಾಂಕ: 14 ನವೆಂಬರ್ 2025, ಶುಕ್ರವಾರ

ಸುತ್ತೋಲೆ

ವಿಷಯ: ಪರವಾನಗಿ ಇರುವ ಕೋವಿಯನ್ನು ಹಾಯಿದೋಣಿಯಲ್ಲಿ ಇಟ್ಟುಕೊಂಡು ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ಯುವ ಕುರಿತು.

ಉಲ್ಲೇಖ: 1) ಶ್ರೀ ಹೊನ್ನಪ್ಪನವರ ಅರ್ಜಿ, ದಿನಾಂಕ 1 ಸೆಪ್ಟೆಂಬರ್.
2) ಇದೇ ವಿಷಯದ ಮೇಲೆ ಹೊರಡಿಸಲಾದ ಆರು ಸುತ್ತೋಲೆಗಳು.
3) ಶ್ರೀ ಹೊನ್ನಪ್ಪನವರ ನಿನ್ನೆಯ ಚೀಟಿ.

ಬಳಗದ ಸದಸ್ಯರೂ ನಿವೃತ್ತ ಭೂವಿಜ್ಞಾನಿಗಳೂ ಆದ ಹೊನ್ನಪ್ಪನವರು ಪರ್ತ್‌ನ ಮನೆ ಖಾಲಿ ಮಾಡಿ, ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿರುವ ಮಗಳು ಪ್ರಣತಿಯ ಮನೆಗೆ ಕಾಯಂ ಆಗಿ ಹೊರಟಿರುವುದು ಸರಿಯಷ್ಟೆ. ವಿಮಾನದಲ್ಲಿ ಐದು ಗಂಟೆಯಲ್ಲಿ ಮುಗಿಯುವ ದಾರಿಯನ್ನು ಅವರು ಅಳಿಯ ಶಶಾಂಕನ ಜೊತೆ ತಮ್ಮ ಹಾಯಿದೋಣಿಯಲ್ಲಿ, ಅಡಿಲೇಡ್ ಮಾರ್ಗವಾಗಿ, ವಾರಗಟ್ಟಲೆ ಸವೆಸಲಿದ್ದಾರೆ. ಸೋಮವಾರ ಹೋಗಿ ಶುಕ್ರವಾರ ಪರ್ತ್‌ಗೆ ಮರಳುತ್ತಿದ್ದ ಕಲ್ಗೂರ್ಲಿ ಗಣಿಯ ಕಾಲದಲ್ಲಿ ಕೊಂಡ ಜೋಡಿನಳಿಗೆ ಕೋವಿಯನ್ನೂ ಜೊತೆಗೆ ಒಯ್ಯುವುದು ಅವರ ಇಚ್ಛೆ. ಪೊಲೀಸರಿಗೆ ತೋರಿಸಬೇಕಾದ ಕಾಗದಗಳೆಲ್ಲ ಕ್ರಮಬದ್ಧವಾಗಿದ್ದವು. ಬಳಗದ ಅನುಮತಿ ಬೇಕೇ ಇರಲಿಲ್ಲ. ಆದರೂ ಸ್ನೇಹಕ್ಕೆಂದು ಒಂದು ಅರ್ಜಿ ಕೊಟ್ಟರು. ಅವರು ಮಾಡಿದ ತಪ್ಪು ಅದೊಂದೇ.

ಕಾರ್ಯದರ್ಶಿ ಬಾಲಕೃಷ್ಣ ಅವರು ಪರ್ತ್‌ಗೆ ಬರುವ ಮುಂಚೆ ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿ ಹನ್ನೊಂದು ವರ್ಷ ಸರ್ಕಾರಿ ಕಡತ ನೋಡಿದವರು. ಅರ್ಜಿ ಕಂಡ ಮೇಲೆ ಆಕ್ಷೇಪಣೆ ಹಾಕದೆ ಬಿಟ್ಟ ಉದಾಹರಣೆ ಇಲ್ಲ. ಇಪ್ಪತ್ತಾರು ವರ್ಷ ಶನಿವಾರ ತಪ್ಪದೆ ಫ್ರೀಮ್ಯಾಂಟಲ್‌ನಲ್ಲಿ ಪಕ್ಕದಲ್ಲಿ ಕೂತು ಗಾಳ ಹಾಕಿದ ಸ್ನೇಹಿತ ಊರು ಬಿಟ್ಟು ಹೋಗುತ್ತಿರುವುದಕ್ಕೂ ಸದರಿ ಆಕ್ಷೇಪಣೆಗಳಿಗೂ ಯಾವುದೇ ಸಂಬಂಧವಿಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

ಇದುವರೆಗಿನ ಷರತ್ತುಗಳನ್ನು ಕೆಳಗೆ ಕ್ರೋಡೀಕರಿಸಲಾಗಿದೆ:

1. ಕೋವಿ ಒಂದು ಪೆಟ್ಟಿಗೆಯಲ್ಲಿ, ತೋಟಾ ಇನ್ನೊಂದರಲ್ಲಿ, ಎರಡಕ್ಕೂ ಬೀಗ. ಇದರಲ್ಲಿ ಯಾರದೂ ತಕರಾರಿಲ್ಲ. ಆದರೆ ಎರಡೂ ಬೀಗದ ಕೈ ಒಂದೇ ಉಡಿದಾರದಲ್ಲಿ ಇರಕೂಡದು. ಹೊನ್ನಪ್ಪನವರಿಗೆ ಇರುವುದು ಒಂದೇ ಉಡಿದಾರವಾದ್ದರಿಂದ, ಎರಡನೆಯದನ್ನು ಕಟ್ಟಿಸಿಕೊಂಡು ಕಚೇರಿಗೆ ಹಾಜರಾಗತಕ್ಕದ್ದು. (ಹಾಜರಾಗಿದ್ದಾರೆ. ಕೆಂಪು ದಾರ.)

2. ದೋಣಿ ರಾಜ್ಯದ ಗಡಿ ದಾಟುವಾಗ ಮೂತಿ ಒಂದು ರಾಜ್ಯದಲ್ಲಿ, ಹಿಂಭಾಗ ಇನ್ನೊಂದು ರಾಜ್ಯದಲ್ಲಿ ಇರುವ ಸಂಭವವಿದೆ. ಪೆಟ್ಟಿಗೆಯನ್ನು ಉದ್ದಕ್ಕೆ ಇಟ್ಟಲ್ಲಿ ಕೋವಿಯ ನಳಿಗೆ ಒಂದು ಕಾನೂನಿಗೂ ಹಿಡಿ ಇನ್ನೊಂದು ಕಾನೂನಿಗೂ ಒಳಪಡುವುದರಿಂದ, ಅಡ್ಡಡ್ಡವಾಗಿ ಇಟ್ಟು ಇಡೀ ಕೋವಿಯನ್ನು ಒಂದೇ ಏಟಿಗೆ ದಾಟಿಸತಕ್ಕದ್ದು. ಗಡಿಯನ್ನು ಸಮುದ್ರದಲ್ಲಿ ಗೆರೆ ಎಳೆದು ತೋರಿಸುವ ಹೊಣೆ ಅರ್ಜಿದಾರರದೇ. (ಶಶಾಂಕನು ನಕ್ಷೆಯ ಮೇಲೆ ಎಳೆದು ತೋರಿಸಿದ್ದಾನೆ. ಅಂಗೀಕರಿಸಲಾಗಿದೆ, ಒಲ್ಲದ ಮನಸ್ಸಿನಿಂದ.)

3. ಬೇಸಿಗೆಯಲ್ಲಿ ಅಡಿಲೇಡ್‌ನ ಗಡಿಯಾರ ಬ್ರಿಸ್ಬೇನ್‌ಗಿಂತ ಅರ್ಧ ಗಂಟೆ ಮುಂದಿರುತ್ತದೆ. ಗಡಿಯಾರ ಹಿಂದಕ್ಕೆ ತಿರುಗಿಸಿದಾಗ ಅದೇ ಅರ್ಧ ಗಂಟೆ ಎರಡು ಸಲ ಬರುವುದರಿಂದ, ಆ ಅವಧಿಗೆ ಕೋವಿಗೆ ಎರಡು ಪರವಾನಗಿ ಬೇಕಾಗುವುದೇ ಎಂಬುದು ಪರಿಶೀಲನೆಯಲ್ಲಿದೆ. ನಡುವೆ ಬರುವ ಇನ್ನೆರಡು ರಾಜ್ಯಗಳ ಬಗ್ಗೆ ಪ್ರತ್ಯೇಕವಾಗಿ ಗಾಬರಿಪಡಲಾಗುವುದು.

4. ಆಯುಧಪೂಜೆಯ ದಿನ ನಡೆದ ಪ್ರಕರಣ. ಅಕ್ಟೋಬರ್ ಒಂದರಂದು ದೋಣಿಯ ಮೇಲೆ ಕೋವಿಗೆ ಹಾರ ಹಾಕಿ ಪೂಜೆ ನಡೆಯಿತು. ಗಂಧ ಕುಂಕುಮ ಹಚ್ಚಿದವರು ಸ್ವತಃ ಕಾರ್ಯದರ್ಶಿ. ಅದು ಸರಿಯಾಗಿ ಕೋವಿಯ ನಂಬರಿನ ಮೇಲೇ, ಅರ್ಧ ಅಂಗುಲ ದಪ್ಪಕ್ಕೆ ಬಿದ್ದದ್ದು ಆಕಸ್ಮಿಕ. ಪೆಟ್ಟಿಗೆಗೆ ಬೀಗ ಹಾಕುವಷ್ಟರಲ್ಲಿ ತಪಾಸಣೆಯ ಪೊಲೀಸ್ ದೋಣಿ ಬಂದು ನಂಬರು ತೋರಿಸಿ ಎಂದಿತು. ನಂಬರು ಕಾಣದು. ಒರೆಸೋಣವೆಂದರೆ ಪೂಜೆಗೆ ಇಟ್ಟದ್ದು. "ನಾಳೆ ಪೂಜೆ ಆಗೋವರ್ಗೂ ಮುಟ್ಟೋ ಹಾಗಿಲ್ಲ ಆಫೀಸರ್, ನಮ್ಮಲ್ಲಿ ಹಂಗೇ" ಎಂದು ಹೊನ್ನಪ್ಪನವರು ಇಂಗ್ಲಿಷಿನಲ್ಲಿ ವಿವರಿಸಿದರು. ಪ್ರಯಾಣ ರದ್ದಾಯಿತೆಂದು ಕಾರ್ಯದರ್ಶಿಗೆ ಒಳಗೊಳಗೇ ಸಂತೋಷವಾದದ್ದನ್ನು ದಾಖಲಿಸಲಾಗಿದೆ. ಆದರೆ ಅಧಿಕಾರಿ ತಲೆ ಕೆರೆದುಕೊಂಡು, "ಓನರೂ ಮುಟ್ಟಲ್ಲ ಅಂದ್ರೆ ಇದಕ್ಕಿಂತ ಸೇಫ್ ಇನ್ನೇನಿದೆ ಮೇಟ್? ನಾಳೆ ಆರ್ವೊ, ಅಂದ್ರೆ ಮಧ್ಯಾಹ್ನದ ಮೇಲೆ, ಬರ್ತೀನಿ" ಎಂಬರ್ಥದ ಮಾತಾಡಿ ಹೊರಟುಹೋದರು. ಮರುದಿನ ಬಂದು ನಂಬರು ಓದಿ, ಕಡಲೆಕಾಳಿನ ಉಸಲಿ ಎರಡು ಸಲ ಹಾಕಿಸಿಕೊಂಡರು. ಇನ್ನು ಮುಂದೆ ಕುಂಕುಮವನ್ನು ನಂಬರಿನಿಂದ ನಾಲ್ಕು ಅಂಗುಲ ದೂರದಲ್ಲಿ ಹಚ್ಚತಕ್ಕದ್ದು.

5. ದೃಷ್ಟಿಗೆಂದು ಕೋವಿಗೆ ಕಟ್ಟಿದ ನಿಂಬೆಹಣ್ಣನ್ನು ಅಡಿಲೇಡ್ ತಲುಪುವ ಮುಂಚೆ ತಿಂದು ಮುಗಿಸತಕ್ಕದ್ದು. ಆ ಕಡೆ ಹೊರಗಿನ ಹಣ್ಣು ಒಯ್ಯುವಂತಿಲ್ಲ. ಜೋಡಿನಳಿಗೆ ಕೋವಿ ಕಾಗದ ತೋರಿಸಿ ಒಳಗೆ ಹೋಗಬಹುದು, ನಿಂಬೆಹಣ್ಣು ಏನು ಮಾಡಿದರೂ ಹೋಗಲಾರದು. ಈ ಬಗ್ಗೆ ಯಾರೂ ನಗಕೂಡದು.

6. ಕೋವಿಯು ಸನ್ನಡತೆಯ ಪ್ರಮಾಣಪತ್ರ ಹಾಜರುಪಡಿಸತಕ್ಕದ್ದು. ಇಪ್ಪತ್ತೆರಡು ವರ್ಷದಲ್ಲಿ ಅದು ಗುರಿಯಿಟ್ಟದ್ದು ಕೋವಿ ಕ್ಲಬ್ಬಿನಲ್ಲಿ ಹಾರಿಬಿಡುವ ಮಣ್ಣಿನ ಬಿಲ್ಲೆಗಳಿಗೆ ಮಾತ್ರ, ಬಹುಪಾಲು ತಗುಲಿಲ್ಲ ಎಂಬುದಕ್ಕೆ ಪ್ರತ್ಯಕ್ಷ ಸಾಕ್ಷಿಯ ರುಜು ಬೇಕು. ಪ್ರತ್ಯಕ್ಷ ಸಾಕ್ಷಿ ಇರುವುದು, ಅದೇ ಕ್ಲಬ್ಬಿನಲ್ಲಿ ಪರವಾನಗಿ ಇಟ್ಟುಕೊಂಡಿರುವ ಕಾರ್ಯದರ್ಶಿ ಒಬ್ಬರೇ. ಅವರು ರುಜು ಹಾಕುವ ಕೆಲಸಕ್ಕೆ ಜನವರಿ ಕೊನೆಯವರೆಗೆ ರಜೆಯಲ್ಲಿದ್ದಾರೆ.

7. ಆರನೆಯ ಷರತ್ತನ್ನು ಬೆರಳಚ್ಚು ಮಾಡುವಾಗ ಕಚೇರಿಯ ಬೆರಳಚ್ಚುಗಾರರೂ ಕಾರ್ಯದರ್ಶಿಯವರ ಧರ್ಮಪತ್ನಿಯೂ ಆದ ಶ್ರೀಮತಿ ಚಂಪಾ ಅವರು ಕೆಲಸ ನಿಲ್ಲಿಸಿ ಮೌಖಿಕ ಆಕ್ಷೇಪಣೆ ಸಲ್ಲಿಸಿರುತ್ತಾರೆ. "ಹೋಗ್ಬೇಡ ಕಣೋ, ನೀನಿಲ್ದೆ ನಂಗೆ ಬೇಜಾರಾಗತ್ತೆ ಅಂತ ಬಾಯ್ಬಿಟ್ಟು ಹೇಳಕ್ಕೆ ಏನ್ರೀ ದಾಡಿ ನಿಮಗೆ? ಅದಕ್ಕೆ ಇಷ್ಟ್ ಕಾಗದ ಬೇಕಾ?" ಸದರಿ ಆಕ್ಷೇಪಣೆಯನ್ನು ಕಡತದಲ್ಲಿ ಇಡಲಾಗಿದೆ. ಕಾರ್ಯದರ್ಶಿಯವರು ಅದಕ್ಕೆ ಪುಟಸಂಖ್ಯೆ ಹಾಕಿದ್ದಾರೆ.

8. ಉಲ್ಲೇಖ 3ರ ಚೀಟಿಯನ್ನು ಯಥಾವತ್ತಾಗಿ ಕೊಡಲಾಗಿದೆ:

"ಬಾಲು, ನಿನ್ ಸುತ್ತೋಲೆ ಆರೂ ಕೂತ್ಕೊಂಡು ಓದ್ದೆ. ಕೋವಿ ಹೋಗೋ ಹಾಗಿಲ್ಲ ಅಂತ ಎಲ್ಲಾ ಕಡೆ ಇದೆ. ಹೊನ್ನಪ್ಪ ಹೋಗೋ ಹಾಗಿಲ್ಲ ಅಂತ ಎಲ್ಲೂ ಇಲ್ಲ. ಕೋವೀನ ನಿನ್ ಹೆಸರಿಗೆ ಮಾಡಕ್ಕೆ ಲೈಸೆನ್ಸ್ ಇರೋ ಡೀಲರ್ ಹತ್ರ ಕೊಟ್ಟು ಅರ್ಜಿ ಹಾಕ್ಬಿಟ್ಟಿದೀನಿ. ನಿನ್ ಲೈಸೆನ್ಸೂ ಇದೆಯಲ್ಲ. ವರ್ಷಕ್ಕೊಂದ್ಸಲ ಕುಂಕುಮ ಇಡು. ಭಾನುವಾರ ಬೆಳಿಗ್ಗೆ ಹೊರಡ್ತಾ ಇದೀನಿ ಕಣೋ."

9. ಸದರಿ ಚೀಟಿಯನ್ನು ನಾಲ್ಕು ಸಲ ಪರಿಶೀಲಿಸಲಾಯಿತು. ಮನುಷ್ಯನ ಬಗ್ಗೆ ಒಂದೂ ಷರತ್ತು ಹಾಕಲು ಮರೆತಿರುವುದು ನಿಜವೆಂದು ಕಂಡುಬಂದಿದೆ. ತಿದ್ದುಪಡಿ ತರಲು ಕಾಲಾವಕಾಶವಿಲ್ಲ. ಹಾಗಾಗಿ ಮೇಲಿನ ಎಲ್ಲ ಷರತ್ತುಗಳನ್ನು ಹಿಂಪಡೆಯಲಾಗಿದೆ. ಕೋವಿ ಪರ್ತ್‌ನಲ್ಲಿ ಉಳಿಯುತ್ತದೆ. ಹೊನ್ನಪ್ಪ ಹೋಗುತ್ತಾನೆ.

10. ಭಾನುವಾರ ಬೆಳಿಗ್ಗೆ ಆರಕ್ಕೆ ಸದಸ್ಯರೆಲ್ಲರೂ ಫ್ರೀಮ್ಯಾಂಟಲ್ ದೋಣಿಕಟ್ಟೆಯಲ್ಲಿ ಹಾಜರಿರತಕ್ಕದ್ದು. ದಡದಲ್ಲಿ ಅಳುವವರು ಪೂರ್ವಾನುಮತಿ ಪಡೆಯತಕ್ಕದ್ದು. ಕಾರ್ಯದರ್ಶಿಗೆ ಇದರಿಂದ ವಿನಾಯಿತಿ ನೀಡಲಾಗಿದೆ.

(ಸಹಿ)
ಬಾಲಕೃಷ್ಣ
ಕಾರ್ಯದರ್ಶಿ ಹಾಗೂ ಕೋವಿಯ ಭಾವೀ ವಾರಸುದಾರ

ಪ್ರತಿಗಳು:
1. ಅಡಿಲೇಡ್ ಶಾಖೆಯ ಗುರುದತ್ ಅವರಿಗೆ, ನಿಂಬೆಹಣ್ಣು ಬರುತ್ತಿಲ್ಲವೆಂಬ ಮಾಹಿತಿಗಾಗಿ.
2. ಉಸಲಿ ತಿಂದ ಅಧಿಕಾರಿಯವರಿಗೆ, ಕೃತಜ್ಞತೆಯೊಂದಿಗೆ.
3. ಪ್ರಣತಿ, ಎಯ್ಟ್ ಮೈಲ್ ಪ್ಲೇನ್ಸ್, ಬ್ರಿಸ್ಬೇನ್ ಇವರಿಗೆ. ನಿಮ್ಮ ತಂದೆಯವರಿಗೆ ಶನಿವಾರ ಬೆಳಿಗ್ಗೆ ಮಾತಾಡದೆ ಪಕ್ಕದಲ್ಲಿ ಕೂರುವವರು ಒಬ್ಬರು ಬೇಕಾಗುತ್ತದೆ, ವ್ಯವಸ್ಥೆ ಮಾಡುವುದು.
4. ಕಚೇರಿ ಪ್ರತಿ.