ಮಾವಿನಹಣ್ಣಿನ ವಾಸನೆಯ ಹಿರಿಯರು

ಈಸ್ಟರ್ ರಜೆಗೆ ಅತ್ತೆ ತಮ್ಮೂರು ನೊಂಗೋಮದಿಂದ ಉಮ್ಲಾಝಿಯ ನಮ್ಮ ಮನೆಗೆ ಹೊರಟಿದ್ದಾರೆಂಬ ಸುದ್ದಿ ಬಂದ ದಿನ ನಾನು ದಿನಚರಿಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದೆ: ‘ಇಡೀ ಉಮ್ಲಾಝಿಯಲ್ಲಿ ನನ್ನಂಥ ಸೊಸೆ ಇನ್ನೊಬ್ಬಳಿಲ್ಲವೆಂದು ಅತ್ತೆಯ ಬಾಯಿಂದಲೇ ಹೇಳಿಸುತ್ತೇನೆ. ಇದು ಪ್ರತಿಜ್ಞೆ!’ ಬರೆದು, ಕೆಳಗೆ ಎರಡು ಗೆರೆ ಎಳೆದು, ಆ ಹುಮ್ಮಸ್ಸಿನಲ್ಲೇ ಬಚ್ಚಲುಮನೆಗೆ ಹೋಗಿ ವೇಪ್ ಎಳೆದೆ.

ಹೌದು, ವೇಪ್. ಬೆರಳುದ್ದದ ಬ್ಯಾಟರಿ ಸಿಗರೇಟು. ಎಳೆದರೆ ತುದಿಯಲ್ಲಿ ನೀಲಿ ದೀಪ, ಬಿಟ್ಟರೆ ಬಾಯಿಂದ ಮಾವಿನಹಣ್ಣಿನ ಘಮದ ಮೋಡ! ಮಗಳು ಉನಾಥಿ ಹೊಟ್ಟೆಯಲ್ಲಿದ್ದಾಗ ಸಿಗರೇಟು ಬಿಟ್ಟ ವೀರವನಿತೆ ನಾನು. ಅವಳು ಶಾಲೆಗೆ ಸೇರಿದ ವರ್ಷ ಅಂಗಡಿಯವನು, “ಇದು ಬರೀ ಆವಿ ಅಕ್ಕಾ” ಎಂದ. ಪಾದ್ರಿಯ ಮಾತಿಗಿಂತ ಭದ್ರವಾಗಿ ನಂಬಿದೆ.

ನನ್ನ ಗಂಡ ಲುಂಗೆಲೊ ಮಾತ್ರ ಅದನ್ನು ಪೀಪಿ ಎನ್ನುತ್ತಾನೆ.

“ಅಮ್ಮ ಬರೋಷ್ಟರಲ್ಲಿ ಆ ಪೀಪಿ ಎಸೀತೀಯೋ, ಇಲ್ಲ ಅವಳಿಗೂ ಒಂದು ತಂದುಕೊಡ್ಲೋ?”

“ನೀನು ಬಾಯಿ ಬಿಟ್ರೆ ನೋಡು!”

“ನನ್ನ ಬಾಯಿಂದ ಒಂದು ಮಾತು ಬರಲ್ಲ. ಸತ್ತ ನಮ್ಮಪ್ಪನಾಣೆ.”

ಇನ್ನು ಬಚ್ಚಿಡುವ ಜಾಗ. ಅತ್ತೆಯೆದುರು ಸೊಸೆಯ ತಲೆ ಕಾಣಬಾರದೆಂಬುದು ನಮ್ಮಲ್ಲಿ ಕಟ್ಟುನಿಟ್ಟು. ಆ ಪದ್ಧತಿ ಮಾಡಿದ ಪುಣ್ಯಾತ್ಮರಿಗೆ ದೊಡ್ಡ ನಮಸ್ಕಾರ! ತಲೆವಸ್ತ್ರದ ಮಡಿಕೆಯೊಳಗೆ ವೇಪ್ ಎಷ್ಟು ಹಾಯಾಗಿ ಕೂತಿತೆಂದರೆ, ತಲೆವಸ್ತ್ರ ಹುಟ್ಟಿದ್ದೇ ಅದಕ್ಕಾಗಿ ಅನ್ನಿಸಿತು.

ನಿದ್ದೆಯ ವಿಷಯವನ್ನೂ ಹೇಳಿಬಿಡುತ್ತೇನೆ. ವೇಪ್ ಮನೆಗೆ ಬಂದಾಗಿನಿಂದ ನಿದ್ದೆ ನನ್ನೊಡನೆ ಮಾತು ಬಿಟ್ಟಿತ್ತು. ಮಲಗುವ ಮೊದಲು ನೆಮ್ಮದಿಗೆಂದು ಎಳೆಯುತ್ತಿದ್ದೆ. ಎದೆಯೊಳಗೆ ಓಟದ ಪಂದ್ಯ ಶುರುವಾಗುತ್ತಿತ್ತು. ಕಣ್ಣು ಮುಚ್ಚಿದರೆ ದನಗಳು ಬಸ್ಸು ಓಡಿಸುವಂಥ ಕನಸು. ಗಂಟಲೊಣಗಿ ಎಚ್ಚರ, ಎಚ್ಚರವಾದರೆ ಕೆಮ್ಮು, ಕೆಮ್ಮು ನಿಂತರೆ ಮತ್ತೆ ಅದೇ ಪೀಪಿಯ ನೆನಪು. ಬೆಳಿಗ್ಗೆ ಉನಾಥಿಯನ್ನು ಶಾಲೆಗೆ ಬಿಡಲು ಏರು ಹತ್ತುವಾಗ ಅವಳು ಮುಂದೆ, ನಾನು ಹಿಂದೆ ಏದುಸಿರು. ಇದೆಲ್ಲ ಹೊಲಿಗೆ ಕೆಲಸದ ದಣಿವೆಂದು ನನಗೆ ನಾನೇ ಸರ್ಟಿಫಿಕೇಟ್ ಕೊಟ್ಟುಕೊಂಡಿದ್ದೆ.

ಅತ್ತೆ ಬಂದರು. ಮರುದಿನ ಬೆಳಿಗ್ಗೆ ಎಲ್ಲರೂ ಜೋಳದ ಹಿಟ್ಟಿನ ಪುಟುವಿಗೆ ಮೊಸರು ಹಾಕಿಕೊಂಡು ಕೂತಿದ್ದೆವು.

“ರಾತ್ರಿಯೆಲ್ಲ ಮನೆ ತುಂಬ ಓಡಾಡ್ತಿದ್ಯಲ್ಲ, ಮಕೋಟಿ?” ಎಂದರು. ಸೊಸೆಯನ್ನು ನಮ್ಮಲ್ಲಿ ಹಾಗೆಯೇ ಕರೆಯುವುದು. ನನಗೆ ಬೇರೆ ಹೆಸರಿರುವುದು ಅತ್ತೆಗೆ ನೆನಪಿದೆಯೋ ಇಲ್ಲವೋ ಗೊತ್ತಿಲ್ಲ.

“ನಿದ್ದೆ ಬರಲಿಲ್ಲ, ಮಾ.”

“ಕನಸೇನಾದ್ರೂ?”

“ದನ ಬಂದಿದ್ವು, ಮಾ.”

ಅತ್ತೆಯ ಚಮಚ ಗಾಳಿಯಲ್ಲೇ ನಿಂತಿತು. ಕನಸಿನಲ್ಲಿ ದನ ಬಂದರೆ ತೀರಿಹೋದ ಹಿರಿಯರಿಗೆ ಏನೋ ಹೇಳುವುದಿದೆ ಎಂದರ್ಥ. ಅವು ಬಸ್ಸು ಓಡಿಸುತ್ತಿದ್ದವೆಂದು ನಾನು ಸೇರಿಸುವಷ್ಟರಲ್ಲಿ ತಡವಾಗಿತ್ತು.

ಸಂಜೆ ಅತ್ತೆ ಬಚ್ಚಲುಮನೆಯಿಂದ ಮೂಗರಳಿಸಿಕೊಂಡು ಬಂದರು.

“ಒಳಗೆ ಹೊಗೆ ಸುಳಿದಂಗಿತ್ತು. ಹಿರಿಯರನ್ನ ಕರೆಯೋಕೆ ಸುಡ್ತೀವಲ್ಲ, ಆ ಸೊಪ್ಪಿನ ವಾಸನೆ ಅಲ್ಲ. ಇದು ಸಿಹಿ. ಯಾರು ಬಂದಿರಬಹುದು?”

ಲುಂಗೆಲೊ ಮುಖ ಅಲುಗಿಸದೆ ಕೇಳಿದ: “ನಮ್ಮ ಮುತ್ತಜ್ಜನಿಗೆ ಮಾವಿನಹಣ್ಣು ಇಷ್ಟ ಇತ್ತಾ, ಮಾ?”

“ಪ್ರಾಣ!” ಎಂದರು ಅತ್ತೆ.

ಮೇಜಿನ ಕೆಳಗೆ ಅವನ ಕಾಲು ತುಳಿದೆ. ಅವನು ಇನ್ನಷ್ಟು ಭಕ್ತಿಯಿಂದ ಕಣ್ಣು ಮುಚ್ಚಿದ.

ಇಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಉನಾಥಿ ನನ್ನ ಮಡಿಲೇರಿ, ಎದೆಗೆ ಕಿವಿ ಆನಿಸಿ, ಅಜ್ಜಿಗೆ ವರದಿ ಒಪ್ಪಿಸಿದಳು: “ಗೋಗೋ, ಅಮ್ಮನ ಒಳಗೆ ಯಾರೋ ಡೋಲು ಬಾರಿಸ್ತಿದಾರೆ. ಅವಳ ಪಕ್ಕ ಮಲಗಿದ್ರೆ ನಂಗೂ ನಿದ್ದೆ ಬರಲ್ಲ.”

ನನಗೆ ನಗು ಬರಲಿಲ್ಲ. ಅತ್ತೆ ಎದ್ದು ನಿಂತರು.

“ನಿದ್ದೆ ಇಲ್ಲ. ದನ ಬಂದಿದೆ. ಹೊಗೆ ಬಂದಿದೆ. ಈಗ ಡೋಲು! ಇವಳಿಗೆ ಕರೆ ಬಂದಿದೆ ಕಣೋ ಲುಂಗೆಲೊ! ಇವಳು ಸಂಗೋಮ ಆಗಬೇಕು!”

ಹಿರಿಯರ ಕರೆ ಬಂದವರು ಮನೆ ಬಿಟ್ಟು ಗುರುವಿನ ಮನೆಗೆ ಹೋಗಬೇಕು. ತಿಂಗಳುಗಟ್ಟಲೆ ಅಲ್ಲೇ ಇದ್ದು, ಬೇರು ನಾರು ಕಲಿತು, ಡೋಲಿಗೆ ಕುಣಿದು, ಸಂಗೋಮ, ಅಂದರೆ ಹಿರಿಯರ ಮಾತು ತಿಳಿದು ಮದ್ದು ಕೊಡುವವರು, ಆಗಿಯೇ ಹಿಂತಿರುಗಬೇಕು. ಅತ್ತೆ ಆಗಲೇ ಮುಂದಿನ ಏರ್ಪಾಟಿಗೆ ಇಳಿದಿದ್ದರು.

“ಮಗು ಚಿಂತೆ ಬೇಡ ಮಕೋಟಿ. ಅವಳನ್ನ ನಾನು ನೊಂಗೋಮಕ್ಕೆ ಕರ್ಕೊಂಡು ಹೋಗ್ತೀನಿ.”

ನನ್ನ ಉನಾಥಿ ನೊಂಗೋಮಕ್ಕೆ! ಅವಳ ಜಡೆ ಯಾರು ಹಾಕುತ್ತಾರೆ? ಬ್ರೆಡ್ಡಿನ ಅಂಚು ಕತ್ತರಿಸದಿದ್ದರೆ ಅವಳು ತಿನ್ನುವುದಿಲ್ಲವೆಂದು ಅಲ್ಲಿ ಯಾರಿಗೆ ಗೊತ್ತು?

ಅಡುಗೆಮನೆಯಲ್ಲಿ ಲುಂಗೆಲೊನ ಅಂಗಿ ಹಿಡಿದೆಳೆದೆ. “ಏನಾದ್ರೂ ಮಾಡೋ!”

“ಸತ್ಯ ಹೇಳು.”

“ಅತ್ತೆ ಮುಂದೆ? ಬಚ್ಚಲಲ್ಲಿ ಕೂತು ಪೀಪಿ ಊದ್ತೀನಿ ಅಂತ? ಅದಕ್ಕಿಂತ ಸಂಗೋಮ ಆಗೋದು ಮೇಲು!”

“ಆಗು. ಆದ್ರೆ ಅಷ್ಟು ತಿಂಗಳು ಅದರ ಚಾರ್ಜ್ ಬರಲ್ಲ.”

ಶನಿವಾರ ನಲ್ಲಿಯ ಪಕ್ಕದಲ್ಲಿ ಹಿರಿಯರಿಗೆ ಬಲಿ ಕೊಡಲು ಒಂದು ಮೇಕೆ ಬಂದು ನಿಂತಿತು. ಅತ್ತೆ ಮನೆಯಲ್ಲೇ ಜೋಳದ ಬಿಯರ್ ಮಾಡಿಟ್ಟಿದ್ದರು. ಅಕ್ಕಪಕ್ಕದವರೆಲ್ಲ ಚಾಪೆ ಹಿಡಿದು ಕೂತರು. ಕರೆ ನಿಜವೋ ಸುಳ್ಳೋ ಹೇಳಲು ಮುದಿ ಸಂಗೋಮ ಬಂದರು: ಮೈತುಂಬ ಮಣಿಸರ, ಸೂಜಿಯಂಥ ಕಣ್ಣು. ನಾನು ಅವರೆದುರು ಮಂಡಿಯೂರಿದೆ, ತಲೆಯಲ್ಲಿ ವೇಪ್ ಹೊತ್ತು.

ನಮ್ಮ ಕ್ರಮ ಹೀಗೆ: ಸಂಗೋಮ ಒಂದೊಂದೇ ಮಾತು ಹೇಳುತ್ತಾರೆ, ಕೂತವರು ಚಪ್ಪಾಳೆ ತಟ್ಟಿ ‘ಸಿಯಾವೂಮ’, ಅಂದರೆ ಒಪ್ಪಿದೆವು, ಎನ್ನಬೇಕು. ಮಾತು ಸರಿಯಿದ್ದರೆ ಜೋರಾಗಿ, ಸರಿಯಿಲ್ಲದಿದ್ದರೆ ಮೆಲ್ಲಗೆ. ಆ ಸದ್ದಿನ ಏರಿಳಿತ ಹಿಡಿದು ಅವರು ಸತ್ಯದ ಕಡೆಗೆ ನಡೆಯುತ್ತಾರೆ.

“ಇವಳಿಗೆ ನಿದ್ದೆ ಇಲ್ಲ.”

“ಸಿಯಾವೂಮ!”

“ಇವಳ ಎದೆ ಬಡ್ಕೊಳ್ತದೆ.”

“ಸಿಯಾವೂಮ!”

“ಹಿರಿಯರು ಕರೀತಿದಾರೆ.”

ಅತ್ತೆಯ ಸಿಯಾವೂಮಕ್ಕೆ ಸೂರಿನ ತಗಡು ನಡುಗಿತು. ನನ್ನದು ಸೊಳ್ಳೆಯ ದನಿ. ಲುಂಗೆಲೊನ ಕೈಗಳು ತೊಡೆಯ ಮೇಲೆ ಗಾಢ ನಿದ್ದೆಯಲ್ಲಿದ್ದವು. ಸಂಗೋಮರ ಕಣ್ಣು ಆ ಕೈಗಳ ಮೇಲೆ ನಿಂತಿತು.

“ಹಿರಿಯರಲ್ಲ...”

“ಸಿಯಾವೂಮ!!” ಲುಂಗೆಲೊ ಒಬ್ಬನೇ ಅಬ್ಬರಿಸಿದ. ಮೇಕೆ ಹಗ್ಗ ಜಗ್ಗಿತು.

“ಹೊಗೆ.”

“ಸಿಯಾವೂಮ!!”

“ಹೊಗೆ ಇವಳದ್ದೇ. ಇವಳ ಮೈಮೇಲೇ ಏನೋ ಇದೆ.”

ಆಲಿಕಲ್ಲು ಸುರಿದಂಥ ಚಪ್ಪಾಳೆ! ದ್ರೋಹಿ! ಆದರೆ ಏನೆಂದು ಬೈಯಲಿ? ಆಣೆ ಇಟ್ಟಂತೆ ಅವನ ಬಾಯಿಂದ ಗುಟ್ಟಿನ ಒಂದಕ್ಷರವೂ ಬಂದಿರಲಿಲ್ಲ.

“ಸೊಂಟದಲ್ಲಿ.”

ಲುಂಗೆಲೊನ ಕೈಗಳು ಮತ್ತೆ ತೊಡೆಗೆ ಮರಳಿದವು.

“ತಲೇಲಿ?”

“ಸಿಯಾವೂಮ!!”

“ಅಯ್ಯೋ, ಹುಡುಗಿಗೆ ಹುಚ್ಚು!” ಎಂದು ಪಕ್ಕದ ಮನೆಯಾಕೆ ಬಾಯಿಗೆ ಶಾಲು ಒತ್ತಿಕೊಂಡಳು.

“ತಲೆ ಒಳಗಲ್ಲ,” ಎಂದರು ಸಂಗೋಮ ನಿಧಾನವಾಗಿ. “ತಲೆ ಮೇಲೆ.”

ಲುಂಗೆಲೊ ಎದ್ದು ನಿಂತು ಚಪ್ಪಾಳೆ ತಟ್ಟಿದ.

ಅಷ್ಟರಲ್ಲಿ ಉನಾಥಿ ನುಸುಳಿ ಬಂದು ಮತ್ತೆ ನನ್ನೆದೆಗೆ ಕಿವಿಯಿಟ್ಟಳು. “ಡೋಲು ಜೋರಾಯ್ತಮ್ಮಾ. ನಿಂಗೆ ನೋಯ್ತಿದ್ಯಾ?”

ಸಾಕು ಅನ್ನಿಸಿತು. ಅತ್ತೆಯೆದುರೇ ತಲೆವಸ್ತ್ರ ಬಿಚ್ಚಿದೆ. ವೇಪ್ ಚಾಪೆಯ ಮೇಲೆ ಬಿದ್ದು, ಉರುಳಿ, ಸಂಗೋಮರ ಮೊಣಕಾಲಿಗೆ ತಾಗಿ, ವಿನಯದಿಂದ ನೀಲಿ ಕಣ್ಣು ಮಿಟುಕಿಸಿತು.

ಅವರು ಎತ್ತಿ ಮೂಸಿದರು. “ಮಾವು,” ಎಂದರು. “ಇದಕ್ಕೆ ನನ್ನ ಹತ್ರ ಬೇರು ಇಲ್ಲ ಮಗಾ. ಇದನ್ನ ಬಿಡು, ಮಲಕ್ಕೋ. ಒಬ್ಬಳೇ ಬಿಡೋಕಾಗದಿದ್ರೆ ಕ್ಲಿನಿಕ್ಕಿಗೆ ಹೋಗು.”

ಮೇಕೆಗೆ ಜೀವದಾನವಾಯಿತು. ಬಿಯರ್‌ಗೆ ಆಗಲಿಲ್ಲ, ಅಕ್ಕಪಕ್ಕದವರು ಅದನ್ನು ಕೊನೆಯ ಹನಿಯವರೆಗೆ ಮುಗಿಸಿದರು. ಅತ್ತೆ ನನ್ನ ತಲೆವಸ್ತ್ರವನ್ನು ತಾವೇ ಎತ್ತಿ, ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಕಟ್ಟಿದರು.

“ಮುತ್ತಜ್ಜನಿಗೆ,” ಎಂದರು, “ಮಾವಿನಹಣ್ಣು ಅಂದ್ರೆ ಆಗ್ತಾನೇ ಇರಲಿಲ್ಲ.”

ಬೇರೇನೂ ಬೈಯಲಿಲ್ಲ. ಊರಿಗೆ ಹೊರಡುವುದನ್ನು ಮುಂದೂಡಿದರು, ಅಷ್ಟೇ. ವೇಪ್ ಬಿಟ್ಟ ಮೊದಲ ದಿನಗಳು ಇನ್ನೂ ಕೆಟ್ಟವು: ನಿದ್ದೆಯೂ ಇಲ್ಲ, ಪೀಪಿಯೂ ಇಲ್ಲ. ಹೊಲಿಗೆ ಯಂತ್ರದೊಡನೆ ಜಗಳವಾಡಿದೆ, ಗೆದ್ದಿದ್ದು ಯಂತ್ರ. ಅತ್ತೆ ಕೆಂಪು ಚಹಾ ಮಾಡಿ ತಂದು, ಪಕ್ಕದಲ್ಲಿ ಕೂರುತ್ತಿದ್ದರು. ಎದೆಯ ಡೋಲು ಒಂದೊಂದೇ ಪೆಟ್ಟು ಇಳಿಸಿತು. ಕೊನೆಗೊಂದು ಬೆಳಿಗ್ಗೆ ಎದ್ದಾಗ ಬಿಸಿಲು ಹಾಸಿಗೆಯ ಮೇಲಿತ್ತು. ಕನಸಿಲ್ಲ, ಕೆಮ್ಮಿಲ್ಲ, ಮಧ್ಯೆ ಎಚ್ಚರವಿಲ್ಲ!

ರಾಣಿಯಂತೆ ಮೈಮುರಿಯುತ್ತ ಹೊರಗೆ ಬಂದೆ. “ಎಂಥಾ ನಿದ್ದೆ ಬಂತು, ಮಾ!”

ಮೇಜಿನ ಸುತ್ತ ಮೂವರೂ ಕೂತಿದ್ದರು. ಲುಂಗೆಲೊನ ಕಣ್ಣು ಕೆಂಪು. ಉನಾಥಿ ತಟ್ಟೆಯ ಪಕ್ಕದಲ್ಲೇ ತಲೆಯಿಟ್ಟು ಆಕಳಿಸುತ್ತಿದ್ದಳು. ಅತ್ತೆ ಚಹಾದ ಲೋಟ ಕೆಳಗಿಟ್ಟು ನನ್ನತ್ತ ತಿರುಗಿದರು.

“ಇಡೀ ಉಮ್ಲಾಝೀಲಿ ನಿನ್ನಂಥ ಸೊಸೆ ಇನ್ನೊಬ್ಬಳಿಲ್ಲ, ಮಕೋಟಿ,” ಎಂದರು.

ನನ್ನ ಪ್ರತಿಜ್ಞೆ ಫಲಿಸಿತು! ಕಣ್ಣು ತುಂಬಿ ಬಂತು.

“ಇಷ್ಟು ಜೋರಾಗಿ ಗೊರಕೆ ಹೊಡೆಯೋಳು,” ಎಂದು ಅತ್ತೆ ಮುಗಿಸಿದರು.

ಉನಾಥಿ ತಲೆಯೆತ್ತದೆ ಚಪ್ಪಾಳೆ ತಟ್ಟಿದಳು.

“ಸಿಯಾವೂಮ!”