ಮಡೆಪ್ಪನ ಜನರೇಟರ್ ಹುಮನಾಬಾದಕ್ಕೆ ಹೋದದ್ದು

ಆ ವರ್ಷ ಮೇ ತಿಂಗಳಲ್ಲಿ ಟ್ಯಾಂಕರ್‌ನವರು ಮುಷ್ಕರ ಹೂಡದಿದ್ದರೆ ಮಡೆಪ್ಪ ಡೀಸೆಲ್ಲನ್ನು ಕ್ಯಾನಿನಲ್ಲಿ ಹೊತ್ತೊಯ್ಯುವ ಪ್ರಸಂಗವೇ ಬರುತ್ತಿರಲಿಲ್ಲ. ಇಸವಿ ಎರಡು ಸಾವಿರದ ಒಂದು. ಹುಮನಾಬಾದಿನ ಪಂಪುಗಳ ಮುಂದೆ ಆರು ದಿನದಿಂದ ಹಗ್ಗ ಕಟ್ಟಿ ‘ಸ್ಟಾಕ್ ಇಲ್ಲ’ ಎಂಬ ಹಲಗೆ ತೂಗುಹಾಕಿದ್ದರು. ಬಸವಕಲ್ಯಾಣದ ಒಂದು ಪಂಪಿನ ತಳದಲ್ಲಿ ಮಾತ್ರ ಇನ್ನೂ ಒಂದಿಷ್ಟು ಉಳಿದಿತ್ತು. ಮಡೆಪ್ಪ ಬೆಳಿಗ್ಗೆ ಎದ್ದವನೇ ಸಾಲಿನಲ್ಲಿ ನಿಂತು, ದೊಡ್ಡ ಕ್ಯಾನಿನಲ್ಲಿ ಇಪ್ಪತ್ತು ಲೀಟರ್ ಡೀಸೆಲ್, ಸಣ್ಣದರಲ್ಲಿ ಐದು ಲೀಟರ್ ಪೆಟ್ರೋಲ್ ತುಂಬಿಸಿ, ಎರಡನ್ನೂ ಹಸುಗೂಸಿನ ಹಾಗೆ ಚಾದರದಲ್ಲಿ ಸುತ್ತಿ ತಂದ.

ಮಡೆಪ್ಪನದು ಬಸವಕಲ್ಯಾಣದಲ್ಲಿ ಮದುವೆಗಳಿಗೆ ಲೈಟು, ಮೈಕು, ಜನರೇಟರ್ ಬಾಡಿಗೆಗೆ ಕೊಡುವ ಅಂಗಡಿ. ಹುಮನಾಬಾದಿನ ಒಂದು ಕಲ್ಯಾಣ ಮಂಟಪದ ಮಾಲೀಕರಾದ ಮಹಾರುದ್ರಪ್ಪ ಹಿಂದಿನ ದಿನ ಫೋನ್ ಮಾಡಿದ್ದರು.

“ಹನ್ನೊಂದಕ್ಕ ಕರೆಂಟ್ ಹೋಗ್ತದ, ಹನ್ನೆರಡಕ್ಕ ಅಕ್ಷತಾ. ನಿನ್ನ ಮಷೀನ್ ನಡುವ ನಿಲ್ಲದಂಗ ಓಡ್ತಂದ್ರ ಈ ವರ್ಷ ನಮ್ಮ ಮಂಟಪದಾಗಿನ ಅಷ್ಟೂ ಮದುವಿ ನಿನಗೇ.”

ಹೀಗಾಗಿ ಬಾಡಿಗೆ ಗಾಡಿ ಓಡಿಸುವ ಖಾಜಾನ ಪಿಕಪ್ ಮೇಲೆ ಜನರೇಟರ್ ಏರಿತು. ಅದರ ಪಕ್ಕದಲ್ಲಿ ಮಡೆಪ್ಪನ ಹಳೆಯ ಸ್ಕೂಟರನ್ನು ಅಡ್ಡ ಮಲಗಿಸಿ ಕಟ್ಟಿದರು. ಜನರೇಟರನ್ನು ಮರುದಿನ ತರಿಸಿಕೊಂಡರಾಯಿತು, ತಾನು ಸಂಜೆ ಸ್ಕೂಟರ್ ಮೇಲೆ ಮರಳುವುದು ಎಂದು ಅವನ ಯೋಜನೆ. ದಾರಿಯ ಕುಲುಕಾಟಕ್ಕೆ ಎಣ್ಣೆ ಚೆಲ್ಲೀತೆಂದು ಎರಡರ ಟಾಕಿಗಳನ್ನೂ ಖಾಲಿ ಬಿಟ್ಟಿದ್ದ.

ಪಿಕಪ್ ಹೊರಡುವಷ್ಟರಲ್ಲಿ ಪಕ್ಕದ ಮನೆಯ ಪಂಡರಿ ಬೇವಿನ ಕಡ್ಡಿ ಜಗಿಯುತ್ತ ಬಂದ.

“ಎಲ್ಲಿಗಿ ಹೊಂಟಿ ಮಡೆಪ್ಪ?”

“ಹುಮನಾಬಾದಕ್ಕ.”

“ಛಲೋ ಆಯ್ತು. ನಮ್ಮ ತಂಗಿ ಮನಿ ಅಲ್ಲೇ ಅದ. ನಾ ಹಿಂದ ಕುಂತು ಕ್ಯಾನ್ ಹಿಡ್ಕೋತೀನಿ.”

ಬೇಡ ಎನ್ನುವ ಮೊದಲೇ ಪಂಡರಿ ಹತ್ತಿ ಕುಳಿತಾಗಿತ್ತು. ಕ್ಯಾನುಗಳನ್ನೇನೋ ಅವನು ಗಟ್ಟಿಯಾಗಿ ಹಿಡಿದ. ಬಾಯನ್ನು ಹಿಡಿಯುವುದು ಮಾತ್ರ ಅವನಿಂದಾಗಲಿಲ್ಲ. ಹೆದ್ದಾರಿ ಸೇರುವಲ್ಲಿ ಪರಿಚಯದ ಮಾಸ್ತರರೊಬ್ಬರು ಬೈಕ್ ತಳ್ಳುತ್ತ ಹೋಗುವುದನ್ನು ಕಂಡು ದೊಡ್ಡ ದನಿ ತೆಗೆದ.

“ಮಾಸ್ತರ್ರೇ, ಯಾಕ ತಳ್ಳಾಕತ್ತೀರಿ! ನಮ್ಮ ಕಡಿ ಐದು ಲೀಟರ್ ಪೆಟ್ರೋಲ್ ಅದ ನೋಡ್ರಿ!”

ಮಾಸ್ತರರೊಬ್ಬರೇ ಕೇಳಿಸಿಕೊಂಡಿದ್ದರೆ ಆಗುತ್ತಿತ್ತು. ಚಹಾದಂಗಡಿಯಲ್ಲಿದ್ದ ಹತ್ತು ಹನ್ನೆರಡು ಜನ ಬಾಟಲಿ, ಚೊಂಬು ಹಿಡಿದು ಬೆಲ್ಲಕ್ಕೆ ಇರುವೆ ಮುತ್ತಿದಂತೆ ಪಿಕಪ್ ಮುತ್ತಿದರು. ಗದ್ದಲ ಕೇಳಿ ಒಬ್ಬ ಪೊಲೀಸ್ ಬಂದ. ಚಾದರ ಎತ್ತಿ ನೋಡಿದ.

“ಮಾರಾಕತ್ತೀಯೇನು?”

“ಇಲ್ರಿ ಸಾಹೇಬ್ರೆ,” ಮಡೆಪ್ಪ ಬೆರಳು ಮಾಡಿ ತೋರಿಸಿದ. “ಡೀಸೆಲ್ ಈ ಜನರೇಟರಿಗಿ, ಪೆಟ್ರೋಲ್ ಈ ಸ್ಕೂಟರಿಗಿ.”

“ಹಂಗಾದ್ರ ಅದರದು ಅದರ ಹೊಟ್ಟಿಗಿ ಹಾಕು. ಟಾಕಿಯೊಳಗಿದ್ರ ಅದು ಎಣ್ಣಿ. ಕ್ಯಾನಿನೊಳಗಿದ್ರ ಅದು ಕೇಸು.”

ಸುರಿಯಲು ಆಲಿಕೆ ಇರಲಿಲ್ಲ. ಪಂಡರಿ ಹಳೆಯ ಪೇಪರನ್ನು ಸುತ್ತಿ ಆಲಿಕೆ ಮಾಡಿಕೊಟ್ಟ. ಡೀಸೆಲ್ ಸುರಿಯುವವರೆಗೆ ಅದು ಮರ್ಯಾದೆಯಿಂದಿದ್ದು, ಪೆಟ್ರೋಲ್ ಹೊತ್ತಿಗೆ ಬಿಚ್ಚಿಕೊಂಡಿತು. ಅರ್ಧ ಲೀಟರ್ ಮಡೆಪ್ಪನ ಇಸ್ತ್ರಿ ಅಂಗಿಯ ಮೇಲೆ ಹರಿಯಿತು. ತುಂಬಿದ ಸ್ಕೂಟರನ್ನು ಮತ್ತೆ ಮಲಗಿಸುವಂತಿಲ್ಲ. ಜನರೇಟರಿನ ಟಾಕಿಯ ಮುಚ್ಚಳವೂ ಸಡಿಲ. ಕೊನೆಗೆ ಪಿಕಪ್‌ನ ಹಿಂಭಾಗದಲ್ಲೇ ಸ್ಕೂಟರನ್ನು ನೆಟ್ಟಗೆ ನಿಲ್ಲಿಸಿ ಮಡೆಪ್ಪನೇ ಅದರ ಮೇಲೆ ಏರಿ ಕುಳಿತ. ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಕೈ ಜನರೇಟರಿನ ಮುಚ್ಚಳದ ಮೇಲೆ. ಪಂಡರಿ ಹೋಗಿ ಖಾಜಾನ ಪಕ್ಕ ಮುಂದಿನ ಸೀಟಿನಲ್ಲಿ ಕುಳಿತ.

ಹುಮನಾಬಾದಿನ ಬಜಾರಿನಲ್ಲಿ ಜನ ವ್ಯಾಪಾರ ಬಿಟ್ಟು ನೋಡಿದರು. ಕಾಯಿಪಲ್ಲೆ ಮಾರುತ್ತಿದ್ದ ಮುದುಕಿಯೊಬ್ಬಳು, “ಯಪ್ಪಾ, ಎಣ್ಣಿ ಉಳಸಾಕ ಸ್ಕೂಟರ್ ಮ್ಯಾಲ ಹಿಂಗೂ ಹೋಗ್ತಾರೇನ!” ಎಂದಳು. ಮಡೆಪ್ಪ ಮುಖ ಕೆಳಗೆ ಹಾಕಿದ. ಕೈಯನ್ನು ಮಾತ್ರ ಮುಚ್ಚಳದ ಮೇಲಿಂದ ತೆಗೆಯಲಿಲ್ಲ.

ಮಂಟಪದಲ್ಲಿ ಅಡುಗೆಯವನು ಅವನ ವಾಸನೆ ಹಿಡಿದವನೇ ಸೌಟು ಬೀಸಿದ. “ದೂರ ನಿಂದ್ರಿ! ನೀವು ಒಲಿ ಹತ್ರ ಬಂದ್ರ ಮದುವಿಕಿಂತ ಮೊದಲ ನಮ್ದು ಮುಗೀತದ.”

ಸರಿಯಾಗಿ ಹನ್ನೊಂದಕ್ಕೆ ಕರೆಂಟ್ ಹೋಯಿತು. ಮಡೆಪ್ಪ ಹ್ಯಾಂಡಲ್ ತಿರುವಿದ. ಎರಡು ಸಲ ಕೆಮ್ಮಿದ ಜನರೇಟರ್ ಮೂರನೆಯ ಸಲಕ್ಕೆ ಹಿಡಿದುಕೊಂಡಿತು. ಫ್ಯಾನುಗಳು ತಿರುಗಿದವು, ಮೈಕು ಮಾತಾಡಿತು. ಅಕ್ಷತೆ ಬಿತ್ತು, ಊಟದ ಪಂಕ್ತಿ ಮೂರು ಎದ್ದವು. ಎರಡೂವರೆಗೆ ಕರೆಂಟ್ ಮರಳುವತನಕ ಜನರೇಟರ್ ಒಮ್ಮೆಯೂ ತಡವರಿಸಲಿಲ್ಲ.

ನಡುವೆ ಮಹಾರುದ್ರಪ್ಪ ಕೈ ಹಿಂದೆ ಕಟ್ಟಿಕೊಂಡು ಬಂದು, ಜನರೇಟರನ್ನು ಎಮ್ಮೆ ಕೊಳ್ಳುವವರ ಹಾಗೆ ಸುತ್ತು ಹಾಕಿ ನೋಡಿದ್ದರು.

“ಇದನ್ನ ಚಾಲೂ ಮಾಡೋದು ಬಹಳ ತ್ರಾಸೇನು?”

ವರ್ಷದ ಕೆಲಸ ಕೊಡುವ ಮೊದಲು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡ ಮಡೆಪ್ಪ ಹುರುಪಿನಿಂದ ಹೇಳಿದ. “ಬಿಲ್ಕುಲ್ ಇಲ್ರಿ! ಈ ಪಂಡರಿನೂ ಚಾಲೂ ಮಾಡ್ತಾನ.”

“ಕೆಡೋದು?”

“ಐದು ವರ್ಷ ಆಯ್ತ್ರಿ, ಒಂದು ದಿನ ಕೈ ಕೊಟ್ಟಿಲ್ಲ.”

“ಎಲ್ಲಿ ತಂದಿ?”

“ಗುಲ್ಬರ್ಗಾದಾಗ್ರಿ. ನನ್ನ ಹೆಸರು ಹೇಳಿದ್ರ ಸಾಕು, ಭಾಳ ಮರ್ಯಾದಿ ಕೊಡ್ತಾರ.”

ಮಹಾರುದ್ರಪ್ಪ ತಲೆಯಾಡಿಸಿ ಒಳಗೆ ಹೋಗಿದ್ದರು.

ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ಮಡೆಪ್ಪ ಹೊರಗೆ ಬಂದಾಗ ಖಾಜಾ ಪೈಪಿನ ಒಂದು ತುದಿಯನ್ನು ಬಾಯಿಗಿಟ್ಟು ಜನರೇಟರಿನ ಟಾಕಿಯಿಂದ ಡೀಸೆಲ್ ಎಳೆಯುತ್ತಿದ್ದ.

“ಏ ಖಾಜಾ, ಏನ್ ಮಾಡಾಕತ್ತಿಯೋ?”

ಖಾಜಾ ಥೂ ಎಂದು ಉಗುಳಿ ಬಾಯಿ ಒರೆಸಿಕೊಂಡ. “ಸಾಹುಕಾರ್ರು ಹೇಳ್ಯಾರ ಮಡೆಪ್ಪಣ್ಣ. ಈಗಿಂದೀಗ ಗುಲ್ಬರ್ಗಾಕ್ಕ ಹೋಗಿ ಬರಬೇಕು. ಪಂಪಿನಾಗ ಡೀಸೆಲ್ ಇಲ್ಲಲ್ಲ.”

ಅಷ್ಟರಲ್ಲಿ ಮಹಾರುದ್ರಪ್ಪ ನಗುನಗುತ್ತ ಬಂದು ಮಡೆಪ್ಪನ ಹೆಗಲ ಮೇಲೆ ಕೈಯಿಟ್ಟರು.

“ನಿನ್ನ ಮಾತು ಕೇಳಿ ಧೈರ್ಯ ಬಂತು ನೋಡಪ್ಪ. ನಾನೂ ಒಂದು ಜನರೇಟರ್ ತಗೊಂಡೇಬಿಟ್ಟೆ. ಫೋನಿನಾಗ ನಿನ್ನ ಹೆಸರು ಹೇಳಿದೆ, ತಕ್ಷಣ ಒಪ್ಪಿದ್ರು. ಖರೇನೇ ಬಹಳ ಮರ್ಯಾದಿ ಅದ ನಿನಗ!”

ಮಡೆಪ್ಪ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದ. “ಅಂದ್ರ... ಈ ವರ್ಷದ ಮದುವಿಗಳು, ಸಾಹುಕಾರ್ರೆ?”

“ಇನ್ನ ಆ ಚಿಂತಿ ನಿನಗ ಬ್ಯಾಡ,” ಎಂದರು ಮಹಾರುದ್ರಪ್ಪ ಪ್ರೀತಿಯಿಂದ. “ಆದ್ರ ಜರಾ ಸಂಜಿತನಕ ಇರು. ಮಷೀನ್ ಇಳಿಸಾಕ ಯಾರಾದ್ರೂ ತಿಳಿದವರು ಬೇಕಲ್ಲ.”

ಮಡೆಪ್ಪನ ಡೀಸೆಲ್ ಕುಡಿದ ಪಿಕಪ್ ಒಂದೇ ಸಲಕ್ಕೆ ಚಾಲೂ ಆಗಿ ಗುಲ್ಬರ್ಗಾದ ಕಡೆ ಹೊರಟಿತು. ಪಂಡರಿ ತಂಗಿಯ ಮನೆಗೆಂದು ಆಗಲೇ ಸ್ಕೂಟರ್ ಒಯ್ದಿದ್ದ. ಹೊಸದಕ್ಕೆ ಜಾಗ ಬೇಕಿತ್ತು. ಮಡೆಪ್ಪ ಅಂಗಿಯ ತೋಳು ಮಡಚಿ, ತನ್ನ ಜನರೇಟರನ್ನು ತಾನೇ ಗೋಡೆಯ ಕಡೆಗೆ ತಳ್ಳತೊಡಗಿದ.